ಸ್ಟುಡಿಯೋ ಮಾತು, ಬಂಡಳ್ಳಿಯ ಕಿವಿ: ಪಕ್ಷ ಹಿಡಿದ ಟಿವಿ ವಿಶ್ಲೇಷಕರು ಸುದ್ದಿಯ ಮೇಲಿನ ನಂಬಿಕೆಯನ್ನು ಏನು ಮಾಡ್ತಾರೆ?

2020ರ ಏಪ್ರಿಲ್ ನೆನಪಿದೆಯಾ? ಲಾಕ್‌ಡೌನ್, ಮುಚ್ಚಿದ ಸಂತೆ, ಮನೆಯಲ್ಲಿ ದಿನವಿಡೀ ಓಡುತ್ತಿದ್ದ ಟಿವಿ. ಚಾಮರಾಜನಗರ ಜಿಲ್ಲೆಯಲ್ಲಿ ಆಗ ಒಂದೇ ಒಂದು ಕೋವಿಡ್ ಪ್ರಕರಣ ಕೂಡ ಇರಲಿಲ್ಲ. ಇಡೀ ರಾಜ್ಯದಲ್ಲಿ ಸೋಂಕಿಲ್ಲದೆ ಕೊನೆಯವರೆಗೂ ಉಳಿದ ಜಿಲ್ಲೆ ಅದು. ಮೊದಲ ಪ್ರಕರಣ ಬಂದದ್ದು ಜೂನ್ 9ಕ್ಕೆ, ಹನೂರು ತಾಲ್ಲೂಕಿನಲ್ಲಿ, ಮುಂಬೈ ಕಡೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಗೆ.

ಅಂದರೆ ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ಕೂತವರಿಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಕೊರೊನಾ ಅನ್ನೋದು ಕಣ್ಣಿಗೆ ಕಂಡ ರೋಗ ಅಲ್ಲ, ಟಿವಿಯಲ್ಲಿ, ಫೋನಿನಲ್ಲಿ ಬಂದ ರೋಗ. ಅದು ಹೇಗಿರುತ್ತೆ, ಯಾರಿಂದ ಬರುತ್ತೆ, ಯಾರನ್ನು ಕಂಡರೆ ದೂರ ನಿಲ್ಲಬೇಕು ಅನ್ನೋದನ್ನೆಲ್ಲ ಸ್ಟುಡಿಯೋದಲ್ಲಿ ಕೂತವರು ಹೇಳಿಕೊಟ್ಟರು. ಅವರು ಹೇಳಿದ್ದನ್ನು ಪರೀಕ್ಷಿಸೋಕೆ ಊರಲ್ಲಿ ಏನೂ ಇರಲಿಲ್ಲ.

ಸುಮಾರು ಒಂದು ವರ್ಷದ ನಂತರ, 2021ರ ಮೇ 2ರ ರಾತ್ರಿ, ಪರಿಸ್ಥಿತಿ ತಲೆಕೆಳಗಾಯಿತು. ಅದೇ ಜಿಲ್ಲೆಯ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು ಜನ ಸತ್ತರು. ಈ ಸಲ ಏನಾಯಿತು ಅಂತ ಊರಿಗೇ ಗೊತ್ತಿತ್ತು, ಟಿವಿ ಹೇಳಬೇಕಾಗಿರಲಿಲ್ಲ. ಟಿವಿ ಹೇಳಿದ್ದು ಬೇರೆ ಏನೋ.

ಈ ಎರಡು ಘಟನೆಗಳ ನಡುವೆ ಸುದ್ದಿ ಮೇಲಿನ ನಂಬಿಕೆ ಏನಾಗುತ್ತೆ ಅನ್ನೋದೇ ಈ ಲೇಖನದ ವಿಷಯ. "ಮೀಡಿಯಾನೇ ಮಾರಾಟ ಆಗಿದೆ ಬಿಡ್ರಿ" ಅನ್ನೋ ಮಾತನ್ನು ನೀವೂ ಕೇಳಿದ್ದೀರಿ, ಬಹುಶಃ ನೀವೇ ಹೇಳಿಯೂ ಇದ್ದೀರಿ. ಆ ಮಾತು ಎಲ್ಲಿಂದ ಬಂತು, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಯಾರ ಬಗ್ಗೆ ಮಾತಾಡ್ತಿದ್ದೇವೆ?

ಟಿವಿಯಲ್ಲಿ ಕಾಣೋರೆಲ್ಲ ಪತ್ರಕರ್ತರಲ್ಲ. ವರದಿಗಾರ ಸ್ಥಳಕ್ಕೆ ಹೋಗಿ ಕಂಡದ್ದನ್ನು ಹೇಳ್ತಾನೆ. ನಿರೂಪಕ ಅದನ್ನು ಓದ್ತಾನೆ. ಪಕ್ಷದ ವಕ್ತಾರ ಪಕ್ಷದ ಮಾತು ಹೇಳ್ತಾನೆ, ಅವನು ಯಾರ ಪರ ಅಂತ ನಮಗೂ ಗೊತ್ತು. ಇವರ ನಡುವೆ ಇನ್ನೊಂದು ಜಾತಿ ಇದೆ: "ರಾಜಕೀಯ ವಿಶ್ಲೇಷಕ", "ಹಿರಿಯ ಪತ್ರಕರ್ತ", "ಚಿಂತಕ" ಅನ್ನೋ ಪಟ್ಟಿ ಕೆಳಗೆ ಕೂತು, ಪಕ್ಷದ ಬಾವುಟ ತೋರಿಸದೆ ಪಕ್ಷದ ವಾದ ಮಂಡಿಸೋರು. ಚರ್ಚೆ ನಡೆಸುವ ನಿರೂಪಕರೇ ಈ ಸಾಲಿಗೆ ಸೇರಿದಾಗ ವಿಷಯ ಇನ್ನೂ ಗಂಭೀರ, ಯಾಕಂದ್ರೆ ಯಾರ ಮೈಕ್ ಯಾವಾಗ ಬಂದ್ ಮಾಡಬೇಕು ಅನ್ನೋದು ಅವರ ಕೈಯಲ್ಲೇ ಇರುತ್ತೆ.

ಒಂದು ನಿಲುವು ಇರೋದೇ ತಪ್ಪಲ್ಲ. ಲಂಕೇಶ್ ಪತ್ರಿಕೆಗೆ ನಿಲುವಿತ್ತು, ಅದನ್ನು ಅದು ಮುಚ್ಚಿಡಲಿಲ್ಲ. ಓದುಗ ಅದನ್ನು ಗೊತ್ತಿದ್ದೇ ಕೊಂಡ. ಅಭಿಪ್ರಾಯ ಸುದ್ದಿಯ ಅಂಗಿ ತೊಟ್ಟು ಬಂದಾಗ, ನೋಡುವವನಿಗೆ ಎರಡರ ನಡುವಿನ ಗೆರೆ ಕಾಣದಂತೆ ಮಾಡಿದಾಗ ಸಮಸ್ಯೆ ಶುರುವಾಗುತ್ತೆ.

ಪರೀಕ್ಷಿಸೋಕೆ ಆಗದ ಸುದ್ದಿ: ಏಪ್ರಿಲ್ 2020

ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನ ತಬ್ಲೀಗಿ ಜಮಾತ್ ಸಮಾವೇಶದ ಸುದ್ದಿ ಬಂದದ್ದು 2020ರ ಮಾರ್ಚ್ ಕೊನೆಗೆ. ಅಲ್ಲಿಂದ ಹೋದ ಕೆಲವರಿಗೆ ಸೋಂಕು ಇದ್ದದ್ದು ನಿಜ, ಸಮಾವೇಶ ನಡೆದ ರೀತಿಯ ಬಗ್ಗೆ ಪ್ರಶ್ನೆ ಕೇಳಬೇಕಾಗಿದ್ದದ್ದೂ ನಿಜ. ಆದರೆ ಕನ್ನಡದ ಕೆಲವು ವಾಹಿನಿಗಳಲ್ಲಿ ಅದು ಆರೋಗ್ಯದ ಸುದ್ದಿಯಾಗಿ ಉಳಿಯಲಿಲ್ಲ. ಒಂದು ಸಮುದಾಯ ಬೇಕಂತಲೇ ರೋಗ ಹಬ್ಬಿಸುತ್ತಿದೆ ಅನ್ನೋ ಕಥೆಯಾಯಿತು.

ಬೆಂಗಳೂರಿನ ಒಂದು ನಾಗರಿಕ ಗುಂಪು, ದ್ವೇಷ ಭಾಷಣದ ವಿರುದ್ಧದ ಅಭಿಯಾನ, ಕಾರ್ಯಕ್ರಮಗಳನ್ನು ದಾಖಲಿಸಿ ದೂರು ಕೊಟ್ಟಿತು. ದೂರು ಹೋದದ್ದು ಸುದ್ದಿ ವಾಹಿನಿಗಳೇ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆಗೆ. ಆಗ ಅದರ ಹೆಸರು ಎನ್‌ಬಿಎಸ್‌ಎ, ಈಗ ಎನ್‌ಬಿಡಿಎಸ್‌ಎ. ಅದರ ಅಧ್ಯಕ್ಷರಾಗಿದ್ದವರು ಸುಪ್ರೀಂ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ. 2021ರ ಜೂನ್‌ನಲ್ಲಿ ಆದೇಶ ಬಂತು: ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ ದಂಡ, ಸುವರ್ಣ ನ್ಯೂಸ್‌ಗೆ 50 ಸಾವಿರ, ಇಂಗ್ಲಿಷಿನ ಟೈಮ್ಸ್ ನೌಗೆ ಛೀಮಾರಿ. ಕಾರ್ಯಕ್ರಮಗಳ ಧಾಟಿಯಲ್ಲಿ ಪೂರ್ವಗ್ರಹ ಇತ್ತು, ಊಹೆಗಳನ್ನು ವಾಸ್ತವ ಅನ್ನೋ ಹಾಗೆ ಹೇಳಲಾಗಿತ್ತು ಅನ್ನೋದು ಆದೇಶದ ಸಾರ. ನ್ಯೂಸ್18 ಕನ್ನಡ ತನ್ನ ಪರದೆ ಮೇಲೆ ಕ್ಷಮೆ ಕೇಳಬೇಕು ಅಂತಲೂ ಹೇಳಿತು.

ದಂಡದ ಮೊತ್ತ ಬಿಡಿ, ದಿನಾಂಕ ನೋಡಿ. ಕಾರ್ಯಕ್ರಮ ಪ್ರಸಾರವಾದದ್ದು 2020ರ ಏಪ್ರಿಲ್ ಹೊತ್ತಿಗೆ, ಆದೇಶ ಬಂದದ್ದು 2021ರ ಜೂನ್‌ಗೆ. ನಡುವೆ 14 ತಿಂಗಳು. ಅಷ್ಟರೊಳಗೆ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲೇ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣ ರದ್ದು ಮಾಡಿ, ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆದಿತ್ತು ಅಂತ ಹೇಳಿಯಾಗಿತ್ತು. ಇವುಗಳಲ್ಲಿ ಯಾವುದೂ ಏಪ್ರಿಲ್‌ನ ಆ ರಾತ್ರಿಗಳಷ್ಟು ಜೋರಾಗಿ ಬಂಡಳ್ಳಿಗೆ ತಲುಪಲಿಲ್ಲ. ತಲುಪೋ ದಾರಿಯೇ ಇರಲಿಲ್ಲ. ಕ್ಷಮಾಪಣೆಗೆ ಹಿನ್ನೆಲೆ ಸಂಗೀತ, ಕೆಂಪು ಅಕ್ಷರ, ಎರಡು ಗಂಟೆ ಚರ್ಚೆ ಇರೋದಿಲ್ಲವಲ್ಲ!

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಏಪ್ರಿಲ್ ಮೊದಲ ವಾರದಲ್ಲೇ, ಅದೂ ಒಂದು ಟಿವಿ ಸಂದರ್ಶನದಲ್ಲೇ, ಯಾರೋ ಕೆಲವರು ಮಾಡಿದ್ದಕ್ಕೆ ಇಡೀ ಮುಸ್ಲಿಂ ಸಮುದಾಯವನ್ನು ದೂರಬೇಡಿ, ದೂರಿದರೆ ಕ್ರಮ ಕೈಗೊಳ್ತೇವೆ ಅಂದಿದ್ದರು. ಸ್ವಂತ ಪಕ್ಷದ ಬೆಂಬಲಿಗರೇ ಜಾಲತಾಣದಲ್ಲಿ ಅವರ ಮೇಲೆ ಹರಿಹಾಯ್ದರು. ವಿಶ್ಲೇಷಕ ತನ್ನ ಪಕ್ಷಕ್ಕಿಂತ ಮುಂದೆ ಓಡ್ತಾನೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಪಕ್ಷ ವೋಟಿನ ಲೆಕ್ಕ ಹಾಕಬೇಕು, ಆಡಳಿತ ನಡೆಸಬೇಕು. ವಿಶ್ಲೇಷಕನಿಗೆ ಬೇಕಿರೋದು ನಾಳೆ ರಾತ್ರಿಯೂ ಚಾನೆಲ್ ಬದಲಿಸದ ಪ್ರೇಕ್ಷಕ ಅಷ್ಟೇ.

ಪರೀಕ್ಷಿಸೋಕೆ ಆಗುವ ಸುದ್ದಿ: ಮೇ 2021

ಈಗ ಆಮ್ಲಜನಕ ದುರಂತಕ್ಕೆ ಬರೋಣ. 2021ರ ಮೇ 2ರ ರಾತ್ರಿ ಮತ್ತು 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಗ ಆರೋಗ್ಯ ಸಚಿವರಾಗಿದ್ದ ಡಾ. ಕೆ. ಸುಧಾಕರ್, ಆಮ್ಲಜನಕ ಇಲ್ಲದೆ ಸತ್ತವರು ಮೂರೇ ಜನ, ಉಳಿದವರ ಸಾವಿಗೆ ಬೇರೆ ಕಾರಣ ಅಂದರು. ಹೈಕೋರ್ಟ್ ಮಧ್ಯಪ್ರವೇಶಿಸಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಆಸ್ಪತ್ರೆ ದಾಖಲೆಗಳನ್ನು ನೋಡಿ, ಆ ರಾತ್ರಿ ಆಮ್ಲಜನಕದ ಕೊರತೆ ಇದ್ದದ್ದನ್ನು ಎತ್ತಿ ತೋರಿಸಿತು.

ಹನೂರು, ಕೊಳ್ಳೇಗಾಲ, ಯಳಂದೂರು ಭಾಗದ ಜನಕ್ಕೆ ಈ ಆಸ್ಪತ್ರೆ ಅಂದರೆ ಟಿವಿಯಲ್ಲಿ ಕಾಣೋ ಕಟ್ಟಡ ಅಲ್ಲ. ಕೊಳ್ಳೇಗಾಲದಲ್ಲಿ ಆಗದಿದ್ದರೆ ಯಳಂದೂರು ದಾಟಿ ಹೋಗಬೇಕಾದ ಜಾಗ ಅದು. ವಾರ್ಡಿನಲ್ಲಿ ತಮ್ಮವರನ್ನು ಮಲಗಿಸಿದ್ದವರಿಗೆ ಆ ರಾತ್ರಿ ಏನಾಯಿತು ಅಂತ ಗಂಟೆ ಲೆಕ್ಕದಲ್ಲಿ ಗೊತ್ತಿತ್ತು. "ಮೂರೇ ಜನ" ಅನ್ನೋ ಮಾತು ಅವರ ಮನೆಗಳಲ್ಲಿ ಹೇಗೆ ಕೇಳಿಸಿರಬಹುದು, ನೀವೇ ಊಹಿಸಿ.

ಟಿವಿ ಆಗ ಎರಡು ಕೆಲಸ ಮಾಡಿತು. ಮೊದಲ ದಿನ ನಿಜವಾದ ಪತ್ರಿಕೋದ್ಯಮ. ಜಿಲ್ಲಾ ವರದಿಗಾರರು ಆಸ್ಪತ್ರೆ ಬಾಗಿಲಿಂದ ಅಳುತ್ತಿದ್ದ ಸಂಬಂಧಿಕರ ಮಾತನ್ನು ರಾಜ್ಯಕ್ಕೆ ಕೇಳಿಸಿದರು. ಆ ಕ್ಯಾಮೆರಾಗಳು ಇಲ್ಲದಿದ್ದರೆ 24 ಅನ್ನೋ ಸಂಖ್ಯೆ ಅಷ್ಟು ಬೇಗ ಹೊರಗೆ ಬರುತ್ತಿತ್ತಾ ಅನ್ನೋದು ಅನುಮಾನ. ಆಮೇಲೆ ವಿಷಯ ಸ್ಟುಡಿಯೋಗೆ ಹೋಯಿತು. ಅಲ್ಲಿ ಅದು ಚಾಮರಾಜನಗರದ ಜಿಲ್ಲಾಧಿಕಾರಿ ವರ್ಸಸ್ ಮೈಸೂರಿನ ಜಿಲ್ಲಾಧಿಕಾರಿ ಜಗಳವಾಯಿತು. ಸಿಲಿಂಡರ್ ತಡೆದದ್ದು ಮೈಸೂರು ಅಂತ ಒಂದು ಕಡೆ, ಅದು ಸುಳ್ಳು ಅಂತ ಇನ್ನೊಂದು ಕಡೆ. ಸಮಿತಿ ನಂತರ ಮೈಸೂರಿನವರ ತಪ್ಪಿಲ್ಲ ಅಂತ ಹೇಳಿತು. ಆದರೆ ಚರ್ಚೆಯ ಆಕಾರ ಅಷ್ಟರಲ್ಲಿ ನಿರ್ಧಾರವಾಗಿತ್ತು: ಯಾರು ಹೀರೋ, ಯಾರು ವಿಲನ್. ಒಂದು ಜಿಲ್ಲಾಸ್ಪತ್ರೆಗೆ ದಿನಕ್ಕೆ ಎಷ್ಟು ಆಮ್ಲಜನಕ ಬೇಕು, ಎಲ್ಲಿಂದ ಬರುತ್ತೆ, ಯಾರು ಆರ್ಡರ್ ಹಾಕಬೇಕು ಅನ್ನೋ ಬೇಸರದ ಪ್ರಶ್ನೆಗಳಿಗೆ ಪ್ಯಾನೆಲ್‌ನಲ್ಲಿ ಕುರ್ಚಿ ಇರಲಿಲ್ಲ.

ಮೇ 4ಕ್ಕೆ ಎಲ್ಲವೂ ಬದಲಾಯಿತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ, ಬಿಜೆಪಿ ಶಾಸಕರ ಜೊತೆ ಬಿಬಿಎಂಪಿ ದಕ್ಷಿಣ ವಲಯದ ವಾರ್ ರೂಮಿಗೆ ನುಗ್ಗಿ, ಹಾಸಿಗೆ ಹಂಚಿಕೆ ಹಗರಣ ಅಂತ ಆರೋಪಿಸಿದರು. ಅಲ್ಲಿ ಕೆಲಸ ಮಾಡ್ತಿದ್ದವರು 200ಕ್ಕೂ ಹೆಚ್ಚು ಜನ. ಓದಿದ್ದು 17 ಮುಸ್ಲಿಂ ಹೆಸರುಗಳನ್ನು. ವಿಡಿಯೋ ರಾಜ್ಯವೆಲ್ಲ ಓಡಿತು. ಪೊಲೀಸರು ಆ ಯುವಕರನ್ನು ಕರೆದು ವಿಚಾರಿಸಿ ಬಿಟ್ಟು ಕಳಿಸಿದರು. ಹಾಸಿಗೆ ಮಾರಾಟ ನಿಜವಾಗಿಯೂ ನಡೆದಿತ್ತು, ಬಂಧನಗಳೂ ಆದವು. ಆದರೆ ಅದೇ ತಿಂಗಳು ಸಿಸಿಬಿ ಬಂಧಿಸಿದವರಲ್ಲಿ ಒಬ್ಬ, ಸೂರ್ಯ ಜೊತೆ ಅಂದು ವಾರ್ ರೂಮಿನಲ್ಲಿದ್ದ ಶಾಸಕರೊಬ್ಬರ ಆಪ್ತ ಎಂದೇ ವರದಿಯಾದ ವ್ಯಕ್ತಿ.

ಚಾಮರಾಜನಗರದ 24 ಸಾವು ಮತ್ತು ಬೆಂಗಳೂರಿನ 17 ಹೆಸರುಗಳ ನಡುವೆ ಇದ್ದದ್ದು 48 ಗಂಟೆಗಿಂತ ಕಡಿಮೆ ಅಂತರ. ಯಾರೋ ಕೂತು ಯೋಜನೆ ಮಾಡಿದರು ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋಕೆ ಸಾಕ್ಷ್ಯ ಬೇಕು. ಆದರೆ ಸ್ಟುಡಿಯೋಗೆ ಯಾವ ಕಥೆ ಸುಲಭ ಅನ್ನೋದು ಸ್ಪಷ್ಟ. ಒಂದರಲ್ಲಿ ಸರ್ಕಾರದ ವೈಫಲ್ಯ, ಪೂರೈಕೆ ಲೆಕ್ಕ, ದೂರದ ಜಿಲ್ಲೆ. ಇನ್ನೊಂದರಲ್ಲಿ ಹೆಸರುಗಳ ಪಟ್ಟಿ ಸಿದ್ಧವಾಗಿತ್ತು, ಕೋಪ ಸಿದ್ಧವಾಗಿತ್ತು, ಸ್ಥಳ ಸ್ಟುಡಿಯೋದಿಂದ ಕೆಲವೇ ಕಿಲೋಮೀಟರ್.

ಚಾಮರಾಜನಗರದ ಬಗ್ಗೆ ಟಿವಿಗೆ ಯಾವಾಗಲೂ ಇಷ್ಟವಾದ ಇನ್ನೊಂದು ವಿಷಯ ಇದೆ ಬಿಡಿ: ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅನ್ನೋ ಮೂಢನಂಬಿಕೆ. ಸಿದ್ದರಾಮಯ್ಯ 2013ರಿಂದ 2018ರ ನಡುವೆ ಹಲವು ಸಲ ಬಂದುಹೋಗಿ ಐದು ವರ್ಷ ಪೂರ್ತಿ ಮುಗಿಸಿದರು. ಆದರೂ ಜ್ಯೋತಿಷಿಗಳ ಪ್ಯಾನೆಲ್ ಖಾಲಿಯಾಗಿಲ್ಲ. ಕೊಳ್ಳೇಗಾಲ ಅಂದರೆ ಮಾಟಮಂತ್ರ ಅಷ್ಟೇ ಅಂತ ಸಿನಿಮಾ, ಟಿವಿ ಎರಡೂ ದಶಕಗಳಿಂದ ತೋರಿಸಿವೆ. ಈ ಭಾಗದವರಿಗೆ ತಮ್ಮೂರು ಪರದೆ ಮೇಲೆ ಬೇರೆ ಊರಾಗಿ ಕಾಣೋದು ಹಳೇ ಅನುಭವ.

ನಂಬಿಕೆ ಹೋದಾಗ ಹೋಗೋದು ಯಾರದ್ದು?

ಸುಳ್ಳು ಹೇಳಿದ ವಿಶ್ಲೇಷಕನ ಮೇಲಿನ ನಂಬಿಕೆ ಹೋಗಬೇಕು ಅಲ್ವಾ? ಆಗೋದು ಹಾಗಲ್ಲ.

ವಿಶ್ಲೇಷಕನ ಪ್ರೇಕ್ಷಕ ಅವನ ಹತ್ತಿರ ಮಾಹಿತಿಗಾಗಿ ಮಾತ್ರ ಬಂದಿರೋದಿಲ್ಲ, ತನ್ನ ಮನಸ್ಸಿನ ಮಾತನ್ನು ಯಾರೋ ದೊಡ್ಡ ದನಿಯಲ್ಲಿ ಹೇಳಲಿ ಅಂತ ಬಂದಿರ್ತಾನೆ. ಅದು ಅವನಿಗೆ ಸಿಗ್ತಾ ಇದೆ. ಜೊತೆಗೆ ಪ್ರತಿ ರಾತ್ರಿ ಇನ್ನೊಂದು ಮಾತು ಕಿವಿಗೆ ಬೀಳುತ್ತೆ: "ಬೇರೆಯವರು ಇದನ್ನು ತೋರಿಸಲ್ಲ." "ಉಳಿದ ಮಾಧ್ಯಮಗಳು ಬಾಯಿ ಮುಚ್ಚಿಕೊಂಡಿವೆ." ಇದು ಒಂಥರಾ ಲಸಿಕೆ. ನಾಳೆ ಬೇರೆ ಪತ್ರಿಕೆ ಅವನ ಸುಳ್ಳನ್ನು ಬಯಲು ಮಾಡಿದರೂ ಪ್ರೇಕ್ಷಕನಿಗೆ ಅದು ಮುಟ್ಟಲ್ಲ, ಆ ಪತ್ರಿಕೆಯೇ ಮಾರಾಟವಾಗಿದೆ ಅಂತ ಅವನಿಗೆ ಮೊದಲೇ ಗೊತ್ತು. ಎದುರು ಪಾಳಯದ ಪ್ರೇಕ್ಷಕ ಈ ವಿಶ್ಲೇಷಕನನ್ನು ನೋಡಿ "ಟಿವಿಯವರೆಲ್ಲ ಇಷ್ಟೇ" ಅಂತಾನೆ. ಹೀಗೆ ಎರಡೂ ಕಡೆಯಿಂದ ಏಟು ಬೀಳೋದು ನಡುವೆ ನಿಂತವನಿಗೆ: ಮೈಕ್ ಹಿಡಿದು ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದ ಜಿಲ್ಲಾ ವರದಿಗಾರನಿಗೆ.

ಇದಕ್ಕೆ ಹೊರಗಿನ ಪುರಾವೆಯೂ ಇದೆ. ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2020ರ ಸೆಪ್ಟೆಂಬರ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಫಾಕ್ಸ್ ನ್ಯೂಸ್ ನಿಯಮಿತವಾಗಿ ನೋಡುವ ಕೆಲವರಿಗೆ ಗಂಟೆಗೆ 15 ಡಾಲರ್ ಕೊಟ್ಟು, ವಾರಕ್ಕೆ 7 ಗಂಟೆವರೆಗೆ ಸಿಎನ್‌ಎನ್ ನೋಡಿಸಿದರು. ಒಂದು ತಿಂಗಳಲ್ಲಿ ಅವರ ಕೆಲವು ಅಭಿಪ್ರಾಯಗಳು ಬದಲಾದವು. ಅಷ್ಟೇ ಅಲ್ಲ, ಫಾಕ್ಸ್ ತಮಗೆ ಕೆಲವು ವಿಷಯ ಹೇಳದೆ ಬಿಡ್ತಿತ್ತು ಅಂತಲೂ ಅನಿಸತೊಡಗಿತು. ಹಣ ಕೊಡೋದು ನಿಂತ ಮೇಲೆ ಹೆಚ್ಚಿನವರು ಫಾಕ್ಸ್‌ಗೇ ವಾಪಸ್. ಎರಡು ತಿಂಗಳಲ್ಲಿ ಪರಿಣಾಮವೂ ಬಹುತೇಕ ಮಾಯ. ಜನ ಮೂರ್ಖರಲ್ಲ, ಬೇರೆ ಮಾಹಿತಿ ಸಿಕ್ಕರೆ ಬದಲಾಗ್ತಾರೆ ಅನ್ನೋದು ಇದರ ಒಂದು ಪಾಠ. ಆದರೆ ತಾವಾಗಿ ಆ ಬೇರೆ ಮಾಹಿತಿ ಹುಡುಕಿ ಹೋಗಲ್ಲ ಅನ್ನೋದು ಇನ್ನೊಂದು.

ಅದೇ ಫಾಕ್ಸ್ 2023ರ ಏಪ್ರಿಲ್‌ನಲ್ಲಿ ಮತಯಂತ್ರ ಕಂಪನಿ ಡೊಮಿನಿಯನ್‌ಗೆ 787.5 ಮಿಲಿಯನ್ ಡಾಲರ್ ಕೊಟ್ಟು ಮಾನನಷ್ಟ ಮೊಕದ್ದಮೆ ಮುಗಿಸಿಕೊಂಡಿತು. ಪರದೆ ಮೇಲೆ ಚುನಾವಣಾ ಅಕ್ರಮದ ಮಾತಿಗೆ ಜಾಗ ಕೊಟ್ಟ ನಿರೂಪಕರು ಖಾಸಗಿ ಸಂದೇಶಗಳಲ್ಲಿ ಅದನ್ನು ತಾವೇ ನಂಬಿರಲಿಲ್ಲ ಅನ್ನೋದು ಆ ಕೇಸಿನಲ್ಲಿ ಹೊರಗೆ ಬಂತು. ಪ್ರೇಕ್ಷಕ ಬೇರೆ ಚಾನೆಲ್‌ಗೆ ಹೋಗ್ತಾನೆ ಅನ್ನೋ ಭಯ ಅವರದ್ದು. ನಮ್ಮಲ್ಲಿ ಇಂಥ ಒಳಗಿನ ಸಂದೇಶಗಳು ಕೋರ್ಟಿಗೆ ಬಂದಿಲ್ಲ. ಬಂದರೆ ಬೇರೆ ಥರ ಇರುತ್ತೆ ಅನ್ನೋ ಭರವಸೆ ನನಗಿಲ್ಲ.

ಭಾರತದಲ್ಲಿ ನಂಬಿಕೆ ಎಷ್ಟಿದೆ? ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ವಾರ್ಷಿಕ ವರದಿಯಲ್ಲಿ ಸುದ್ದಿಯನ್ನು ಸಾಮಾನ್ಯವಾಗಿ ನಂಬ್ತೇವೆ ಅಂದ ಭಾರತೀಯರು 2021ರಲ್ಲಿ 38%, 2022ರಲ್ಲಿ 41%, 2023ರಲ್ಲಿ ಮತ್ತೆ 38%. ಈ ಅಂಕಿ ಎಲ್ಲ ಕಡೆ ಉಲ್ಲೇಖವಾಗುತ್ತೆ, ಆದರೆ ಎಚ್ಚರ: ಸಮೀಕ್ಷೆ ಕೇಳಿದ್ದು ಹೆಚ್ಚಾಗಿ ಇಂಗ್ಲಿಷ್ ಬಲ್ಲ, ಅಂತರ್ಜಾಲ ಬಳಸುವ ಜನರನ್ನು. ಬಂಡಳ್ಳಿಯ ನಂಬಿಕೆ ಅದರಲ್ಲಿಲ್ಲ.

ಕನ್ನಡ ಪರದೆ ಹಿಂದೆ ಯಾರಿದ್ದಾರೆ

ಕನ್ನಡದ 24 ಗಂಟೆ ಸುದ್ದಿಯ ಯುಗ ಜೋರಾದದ್ದು 2006ರಲ್ಲಿ ಟಿವಿ9 ಬಂದ ಮೇಲೆ. ನಂತರ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ, ಹೀಗೆ ಸಾಲು. ಹಣ ಹಾಕಿದವರ ಪಟ್ಟಿ ನೋಡಿದರೆ ವಿಧಾನಸೌಧದ ಕಾರಿಡಾರ್ ನೋಡಿದ ಹಾಗೆ. ಕಸ್ತೂರಿ ವಾಹಿನಿ ಕುಮಾರಸ್ವಾಮಿ ಕುಟುಂಬದ್ದಾಗಿ 2007ರಲ್ಲಿ ಶುರುವಾಯಿತು. ಜನಶ್ರೀ ಬಳ್ಳಾರಿಯ ರೆಡ್ಡಿ ಬಳಗದ್ದು. ಸಮಯ ಶುರುವಿನಲ್ಲಿ ಸತೀಶ್ ಜಾರಕಿಹೊಳಿ ಅವರದ್ದು. ಸುವರ್ಣ ನ್ಯೂಸ್‌ನಲ್ಲಿ ಬಂಡವಾಳ ಹೂಡಿದ್ದ ರಾಜೀವ್ ಚಂದ್ರಶೇಖರ್ ಮುಂದೆ ಬಿಜೆಪಿಯಿಂದ ಕೇಂದ್ರ ಸಚಿವರಾದರು. ದಿಗ್ವಿಜಯ ಶುರು ಮಾಡಿದ ವಿಆರ್‌ಎಲ್‌ನ ವಿಜಯ ಸಂಕೇಶ್ವರ ಬಿಜೆಪಿಯ ಮಾಜಿ ಸಂಸದ. ನ್ಯೂಸ್18 ರಿಲಯನ್ಸ್ ತೆಕ್ಕೆಯಲ್ಲಿದೆ. ಮೂರೂ ಪಕ್ಷಗಳ ಹೆಸರು ಇದರಲ್ಲಿವೆ, ಗಮನಿಸಿ.

ಮಾಲೀಕ ಮಾತ್ರ ಕಾರಣ ಅಂದರೆ ಅರ್ಧ ಸತ್ಯ. ದುಡ್ಡಿನ ಲೆಕ್ಕ ಇನ್ನೂ ದೊಡ್ಡದು. ಹನೂರಿನ ಕಾಡಂಚಿಗೆ ಒಬ್ಬ ವರದಿಗಾರ, ಕ್ಯಾಮೆರಾಮನ್, ಗಾಡಿ ಕಳಿಸಿ ಎರಡು ದಿನ ಇಟ್ಟರೆ ಸಿಗೋದು ನಾಲ್ಕು ನಿಮಿಷದ ಸುದ್ದಿ. ನಾಲ್ಕು ಜನರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿದರೆ ಒಂದು ಗಂಟೆ ತುಂಬುತ್ತೆ. ಟಿಆರ್‌ಪಿ ಅಳೆಯುವ ಬಾರ್ಕ್ 2020ರಲ್ಲಿ ಇಡೀ ದೇಶಕ್ಕೆ ಮೀಟರ್ ಇಟ್ಟಿದ್ದದ್ದು ಸುಮಾರು 44,000 ಮನೆಗಳಲ್ಲಿ. ಅದೇ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪ ಹೊರಿಸಿದಾಗ ಸುದ್ದಿ ವಾಹಿನಿಗಳ ರೇಟಿಂಗ್ ನಿಲ್ಲಿಸಿ, 2022ರ ಮಾರ್ಚ್‌ನಲ್ಲಷ್ಟೇ ಮತ್ತೆ ಶುರು ಮಾಡಿದರು. ಇಷ್ಟು ಸಣ್ಣ ಮಾದರಿಯಲ್ಲಿ ಅರ್ಧ ಅಂಕಕ್ಕಾಗಿ ನಡೆಯೋ ಪೈಪೋಟಿಯಲ್ಲಿ ಕಿರುಚೋದು ಅಗ್ಗದ ಕಚ್ಚಾವಸ್ತು.

ಹಾಗಾಗಿ ಹನೂರು ತಾಲ್ಲೂಕಿಗೆ ಓಬಿ ವ್ಯಾನ್ ಬರೋದು ಯಾವಾಗ? 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿಯ ಮಾರಮ್ಮ ದೇವಸ್ಥಾನದ ಪ್ರಸಾದದಲ್ಲಿ ವಿಷ ಬೆರೆತು 17 ಜನ ಸತ್ತಾಗ. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾದಾಗ. 2025ರ ಜೂನ್‌ನಲ್ಲಿ ಮೀಣ್ಯಂ ಬಳಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಬಲಿಯಾದಾಗ. ಇಂಡಿಗನತ್ತದವರು ಮತದಾನ ಬಹಿಷ್ಕಾರ ಮಾಡಿದ್ದು ರಸ್ತೆ, ನೀರು, ಕರೆಂಟಿಗಾಗಿ. ಒಡೆದ ಮತಯಂತ್ರದ ದೃಶ್ಯ ಎಷ್ಟು ಸಲ ಓಡಿತು, ಆ ರಸ್ತೆಯ ಕಥೆ ಎಷ್ಟು ಸಲ ಬಂತು ಅಂತ ನೀವೇ ನೆನಪು ಮಾಡಿಕೊಳ್ಳಿ. ಏಪ್ರಿಲ್ 29ಕ್ಕೆ ಮರುಮತದಾನ ಮುಗಿಯಿತು, ವ್ಯಾನ್ ಬೆಟ್ಟ ಇಳಿಯಿತು.

ಅಂಕಿ ಮತ್ತು ಬಾವುಟ

ಪಕ್ಷಪಾತ ಯಾವಾಗಲೂ ಸುಳ್ಳಿನ ರೂಪದಲ್ಲಿ ಬರಲ್ಲ. 2024ರ ಮೇನಲ್ಲಿ, ಲೋಕಸಭಾ ಚುನಾವಣೆ ನಡುವೆ, ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿಯ ಒಂದು ಪತ್ರ ಹೊರಬಂತು. 1950ರಿಂದ 2015ರ ನಡುವೆ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು 9.84%ರಿಂದ 14.09%ಕ್ಕೆ ಏರಿತು, ಹಿಂದೂಗಳ ಪಾಲು 84.68%ರಿಂದ 78.06%ಕ್ಕೆ ಇಳಿಯಿತು ಅನ್ನೋದು ಅದರಲ್ಲಿದ್ದ ಲೆಕ್ಕ. 9.84 ಹೋಗಿ 14.09 ಆದರೆ ಏರಿಕೆ ನಾಲ್ಕು ಚಿಲ್ಲರೆ ಅಂಶ. ಅದನ್ನೇ "43% ಏರಿಕೆ" ಅಂತಲೂ ಬರೆಯಬಹುದು, ಲೆಕ್ಕ ತಪ್ಪಲ್ಲ. ಪರದೆ ಮೇಲೆ ಮಿನುಗಿದ್ದು ಯಾವುದು ಅಂತ ಹೇಳಬೇಕಾಗಿಲ್ಲ. ಸುವರ್ಣ ನ್ಯೂಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಿಂದೂಗಳ ಸಂಖ್ಯೆ ಪಕ್ಕ ಭಾರತದ ಬಾವುಟ, ಮುಸ್ಲಿಮರ ಸಂಖ್ಯೆ ಪಕ್ಕ ಪಾಕಿಸ್ತಾನದ ಬಾವುಟ ತೋರಿಸಿತು. ಬೆಂಗಳೂರಿನಲ್ಲಿ ಎಫ್‌ಐಆರ್ ಆಯಿತು.

2023ರ ಸೆಪ್ಟೆಂಬರ್‌ನ ಇನ್ನೊಂದು ಪ್ರಕರಣ ಹಳ್ಳಿ ಹುಡುಗರಿಗೆ ಇನ್ನೂ ಹತ್ತಿರದ್ದು. ವಾಹನ ಕೊಳ್ಳೋಕೆ ಸಹಾಯಧನ ಕೊಡುವ ರಾಜ್ಯದ ಸ್ವಾವಲಂಬಿ ಸಾರಥಿ ಯೋಜನೆ ಅಲ್ಪಸಂಖ್ಯಾತರಿಗೆ ಮಾತ್ರ, ಬಡ ಹಿಂದೂಗಳಿಗಿಲ್ಲ ಅನ್ನೋ ಅರ್ಥದಲ್ಲಿ ಆಜ್ ತಕ್‌ನ ಸುಧೀರ್ ಚೌಧರಿ ಕಾರ್ಯಕ್ರಮ ಮಾಡಿದರು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ನಿಗಮಗಳಲ್ಲೂ ಇಂಥದೇ ಸಹಾಯಧನ ಇದೆ. ಕೊಳ್ಳೇಗಾಲದ ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿದ ಯಾರನ್ನು ಕೇಳಿದರೂ ಹೇಳ್ತಿದ್ದರು. ಇಲ್ಲೂ ಎಫ್‌ಐಆರ್ ಆಯಿತು, ಹೈಕೋರ್ಟ್ ಬಂಧನದಂಥ ಕ್ರಮ ಬೇಡ ಅಂದಿತು.

ಸರ್ಕಾರ ಕಡಿವಾಣ ಹಾಕಲಿ ಅನ್ನೋರಿಗೆ

"ಎಫ್‌ಐಆರ್ ಹಾಕಿ ಒಳಗೆ ಹಾಕಿ" ಅನ್ನೋದು ನಮ್ಮಲ್ಲಿ ಬಹಳ ಜನರ ಮೊದಲ ಉತ್ತರ. ಪವರ್ ಟಿವಿ ಕಥೆ ಕೇಳಿ ಆಮೇಲೆ ಹೇಳಿ. 2020ರಲ್ಲಿ ಬಿಜೆಪಿ ಸರ್ಕಾರ ಇದ್ದಾಗ ಈ ವಾಹಿನಿ ಯಡಿಯೂರಪ್ಪ ಕುಟುಂಬದ ಮೇಲೆ ಭ್ರಷ್ಟಾಚಾರದ ಆರೋಪ ಪ್ರಸಾರ ಮಾಡಿತು, ಪೊಲೀಸರು ಕಚೇರಿಗೆ ಬಂದು ಉಪಕರಣ ಹೊತ್ತೊಯ್ದರು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಇದ್ದಾಗ, ಹಾಸನದ ರೇವಣ್ಣ ಕುಟುಂಬದ ಪ್ರಕರಣಗಳನ್ನು ಬೆನ್ನತ್ತಿದ್ದ ಹೊತ್ತಲ್ಲಿ, ಪರವಾನಗಿ ನವೀಕರಣದ ನೆಪದ ಮೇಲೆ ಅದರ ಪ್ರಸಾರವೇ ಹೈಕೋರ್ಟ್ ಆದೇಶದಿಂದ ನಿಂತಿತು. ದೂರು ಕೊಟ್ಟವರಲ್ಲಿ ಜೆಡಿಎಸ್ ವಿಧಾನ ಪರಿಷತ್ ಸದಸ್ಯರೊಬ್ಬರಿದ್ದರು. ಜುಲೈ 12ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಇದು ರಾಜಕೀಯ ಸೇಡು ಅನ್ನೋ ಮಾತನ್ನೂ ಆಡಿತು. ನಿಮಗಾಗದ ವಾಹಿನಿಗೆ ಹೆಣೆದ ಹಗ್ಗ ನಾಳೆ ನಿಮ್ಮ ವಾಹಿನಿಗೂ ಸರಿಹೊಂದುತ್ತೆ.

ವಿರೋಧ ಪಕ್ಷಗಳ ಇಂಡಿಯಾ ಒಕ್ಕೂಟ 2023ರ ಸೆಪ್ಟೆಂಬರ್ 14ರಂದು 14 ನಿರೂಪಕರ ಕಾರ್ಯಕ್ರಮಗಳಿಗೆ ಪ್ರತಿನಿಧಿ ಕಳಿಸಲ್ಲ ಅಂತ ಪಟ್ಟಿ ಬಿಟ್ಟಿತು. ಪಟ್ಟಿಯಲ್ಲಿದ್ದವರೆಲ್ಲ ಹಿಂದಿ, ಇಂಗ್ಲಿಷ್ ಪರದೆಯವರು. ಪರಿಣಾಮ? ಆ ನಿರೂಪಕರಿಗೆ "ನಮ್ಮನ್ನು ಕಂಡರೆ ಹೆದರ್ತಾರೆ" ಅನ್ನೋ ಹೊಸ ಸಾಲು ಸಿಕ್ಕಿತು. ರಾಜಕೀಯವಾಗಿ ಅರ್ಥವಾಗುವ ನಡೆ, ಆದರೆ ಸುದ್ದಿ ಮೇಲಿನ ನಂಬಿಕೆಗೆ ಇದರಿಂದ ನಯಾಪೈಸೆ ಲಾಭ ಆಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಸ್ವನಿಯಂತ್ರಣವಾದರೂ ಗಟ್ಟಿಯಾಗಿದೆಯಾ ಅಂದರೆ ಅದೂ ಇಲ್ಲ. 2023ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೇ ಕೇಳಿದರು: 2008ರಿಂದ ಗರಿಷ್ಠ ದಂಡ 1 ಲಕ್ಷವೇ ಇದೆಯಲ್ಲ, ಒಂದು ಕಾರ್ಯಕ್ರಮದ ಲಾಭಕ್ಕೆ ಹೋಲಿಸಿದರೆ ಇದು ಯಾವ ಲೆಕ್ಕ? ಎಲ್ಲ ವಾಹಿನಿಗಳೂ ಆ ಸಂಸ್ಥೆಯ ಸದಸ್ಯರೂ ಅಲ್ಲ. ರಿಪಬ್ಲಿಕ್ ಬೇರೆ ಒಕ್ಕೂಟವನ್ನೇ ಕಟ್ಟಿಕೊಂಡಿತು.

"ನಾವು ಟಿವಿ ನೋಡೋದೇ ಬಿಟ್ವಿ"

ಇದನ್ನು ಓದ್ತಿರೋ ನೀವು ಹೀಗೇ ಅಂದುಕೊಂಡಿರಬಹುದು. ಸರಿ, ಎಲ್ಲಿಗೆ ಹೋದಿರಿ? ಯೂಟ್ಯೂಬ್‌ಗೆ. ಅಲ್ಲಿ ನಮ್ಮ ಕಡೆಯ ವಿಶ್ಲೇಷಕ ಇದ್ದಾನೆ. ಅವನು ಫೋನಿನಲ್ಲಿ ಮಾತಾಡ್ತಾನೆ, ಜಾಹೀರಾತಿನವರ ಹಂಗಿಲ್ಲ ಅಂತಾನೆ, "ಮೇನ್‌ಸ್ಟ್ರೀಮ್ ಮೀಡಿಯಾ ಇದನ್ನು ತೋರಿಸಲ್ಲ" ಅಂತ ಶುರು ಮಾಡ್ತಾನೆ. ಈ ಸಾಲು ಎಲ್ಲೋ ಕೇಳಿದ ಹಾಗಿದೆ ಅಲ್ವಾ?

2025ರ ಧರ್ಮಸ್ಥಳ ಪ್ರಕರಣದಲ್ಲಿ ಇದು ಬೆತ್ತಲಾಗಿ ಕಂಡಿತು. ಜುಲೈನಲ್ಲಿ ಮಾಜಿ ಸ್ವಚ್ಛತಾ ಕಾರ್ಮಿಕರೊಬ್ಬರು ಶವಗಳನ್ನು ಹೂತಿದ್ದೇನೆ ಅಂತ ದೂರು ಕೊಟ್ಟರು, ಎಸ್‌ಐಟಿ ರಚನೆಯಾಯಿತು, ಆಗಸ್ಟ್ 23ಕ್ಕೆ ದೂರುದಾರರನ್ನೇ ಬಂಧಿಸಲಾಯಿತು. ಅಗೆತ ಶುರುವಾಗುವ ಮುಂಚೆಯೇ ಒಂದು ಕಡೆಯವರಿಗೆ ನೂರಾರು ಶವಗಳ ಲೆಕ್ಕ ಗೊತ್ತಿತ್ತು, ಇನ್ನೊಂದು ಕಡೆಯವರಿಗೆ ಪಿತೂರಿಯ ರೂವಾರಿಗಳ ಹೆಸರು ಗೊತ್ತಿತ್ತು. ಆಗಸ್ಟ್‌ನಲ್ಲಿ ಯೂಟ್ಯೂಬರ್‌ಗಳ ಮೇಲೆ ಹಲ್ಲೆಯೂ ನಡೆಯಿತು, ಅದು ಖಂಡನೀಯ. ಆದರೆ ಪ್ರೇಕ್ಷಕನಿಗೆ ದಕ್ಕಿದ್ದು ಏನು? ಗೊತ್ತಿಲ್ಲ, ತನಿಖೆ ಮುಗಿಯಲಿ ಅಂತ ಹೇಳಿದ ವರದಿಗಾರ ಎರಡೂ ಕಡೆಯವರ ಕಣ್ಣಲ್ಲಿ ಮಾರಾಟವಾದವನಾದ.

ದೂರು ಕೊಡೋದು ಹೇಗೆ

ಬಂಡಳ್ಳಿಯಲ್ಲಿ ಕೂತವರೂ ಮಾಡಬಹುದಾದ ಕೆಲಸ ಇದು, ವಕೀಲರು ಬೇಕಿಲ್ಲ. ಮೊದಲು ವಾಹಿನಿಗೇ ಬರೆಯಬೇಕು. ಕಾರ್ಯಕ್ರಮ ಪ್ರಸಾರವಾದ ಏಳು ದಿನದೊಳಗೆ ಬರೆದರೆ ಒಳ್ಳೆಯದು, ತಡವಾದ ದೂರನ್ನು ಅದೇ ಕಾರಣಕ್ಕೆ ತಳ್ಳಿಹಾಕಬಹುದು. ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು, ಆಕ್ಷೇಪಾರ್ಹ ಮಾತು ಯಾವ ನಿಮಿಷದಲ್ಲಿ ಬಂತು ಅನ್ನೋದು ಇರಲೇಬೇಕು. ವಿಡಿಯೋ ಕೊಂಡಿ ಸಾಲದು, ಅವರು ಅಳಿಸಬಹುದು, ಪ್ರತಿ ಇಳಿಸಿಟ್ಟುಕೊಳ್ಳಿ. ಉತ್ತರ ಬರಲಿಲ್ಲ ಅಥವಾ ಒಪ್ಪಿಗೆಯಾಗಲಿಲ್ಲ ಅಂದರೆ, ವಾಹಿನಿ ಸದಸ್ಯನಾಗಿದ್ದರೆ ಎನ್‌ಬಿಡಿಎಸ್‌ಎಗೆ. ಸದಸ್ಯನಲ್ಲದಿದ್ದರೆ ಅದರ ಬೇರೆ ಒಕ್ಕೂಟಕ್ಕೆ, ಕೊನೆಗೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ. 2021ರ ಜೂನ್‌ನಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಂದ ತಿದ್ದುಪಡಿ ಈ ಮೂರು ಮೆಟ್ಟಿಲನ್ನು ಕಾನೂನಿನೊಳಗೆ ತಂದಿದೆ.

"ಇವರು ಪಕ್ಷಪಾತಿಗಳು" ಅಂತ ಬರೆದರೆ ಏನೂ ಆಗಲ್ಲ. ತಬ್ಲೀಗಿ ದೂರು ಗೆದ್ದದ್ದು ಯಾವ ವಾಹಿನಿ, ಯಾವ ದಿನ, ಏನು ಹೇಳಿತು ಅಂತ ಸಾಲು ಸಾಲಾಗಿ ಬರೆದಿಟ್ಟಿದ್ದರಿಂದ. ಮತ್ತೆ, ನಿಮ್ಮ ಭಾಗದ ವರದಿಗಾರ ಸರಿಯಾದ ಸುದ್ದಿ ಮಾಡಿದಾಗ ಅದಕ್ಕೂ ಅದೇ ವಾಹಿನಿಗೆ ಒಂದು ಇಮೇಲ್ ಹಾಕಿ. ಬೆಂಗಳೂರಿನ ಡೆಸ್ಕ್‌ನಲ್ಲಿ ಹನೂರಿನ ಸುದ್ದಿಗೆ 40 ಸೆಕೆಂಡ್ ಕೊಡೋದಾ, ನಾಲ್ಕು ನಿಮಿಷ ಕೊಡೋದಾ ಅಂತ ನಿರ್ಧರಿಸುವವರಿಗೆ ಅಂಥ ಇಮೇಲ್ ಬರೋದು ಬಹಳ ಅಪರೂಪ.